ಯಾರ ಹೆಸರು, ಯಾರ ಕೈ?

ಒಬ್ಬರ ಹೆಸರಿನಲ್ಲಿ ಮತ್ತೊಬ್ಬರು ಕೆಲಸ ಮಾಡುವ ಪದ್ಧತಿ ನಮಗೆ ಹೊಸದೇನೂ ಅಲ್ಲ. ತಾಲ್ಲೂಕು ಕಚೇರಿಯಿಂದ ಬಂದ ಕಾಗದದ ಕೆಳಗೆ 'ತಹಸೀಲ್ದಾರರ ಪರವಾಗಿ' ಎಂದು ಬರೆದು ಬೇರೊಬ್ಬರು ರುಜು ಮಾಡಿರುವುದನ್ನು ನಾವೆಲ್ಲ ಕಂಡಿದ್ದೇವೆ. ದೂರದ ಊರಿನಲ್ಲಿರುವ ಅಣ್ಣ ತಮ್ಮನಿಗೆ ಅಧಿಕಾರಪತ್ರ ಬರೆದುಕೊಟ್ಟು ಹೊಲದ ವ್ಯವಹಾರವನ್ನು ಒಪ್ಪಿಸುತ್ತಾನೆ. ಕೈ ಒಬ್ಬರದು, ಹೆಸರು ಇನ್ನೊಬ್ಬರದು.

ಇದರ ಅತ್ಯಂತ ಗಂಭೀರವಾದ ರೂಪವನ್ನು ನೋಡಬೇಕಾದರೆ ಹೂವಿನ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಬೇಕು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನವರು ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾರೆ. ನೆರೆದ ಭಕ್ತರು ಅದನ್ನು ಗೊರವಯ್ಯನವರ ಮಾತೆಂದು ಕೇಳುವುದಿಲ್ಲ. ಮೈಲಾರಲಿಂಗನ ವಾಣಿಯೆಂದು ಕೇಳುತ್ತಾರೆ. ಇಲ್ಲಿ ಗಮನಿಸಬೇಕಾದ ಮೂರು ಸಂಗತಿಗಳಿವೆ. ಬಿಲ್ಲನ್ನೇರುವ ಮೊದಲು ವ್ರತ ಉಪವಾಸಗಳ ಸಿದ್ಧತೆಯಿದೆ. ನುಡಿಯುವುದು ಒಂದೇ ಒಂದು ಸಣ್ಣ ವಾಕ್ಯ. ನುಡಿದೊಡನೆ ಅವರು ಬಿಲ್ಲಿನಿಂದ ಕೆಳಕ್ಕೆ ಬೀಳುತ್ತಾರೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಅಲ್ಲಿಗೆ ಆ ಅಧಿಕಾರ ಮುಗಿಯಿತು. ಸಿದ್ಧತೆ, ಮಿತಿ, ಮರಳುವಿಕೆ: ಈ ಮೂರು ಮಾತುಗಳನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ.

ಗಣಕಯಂತ್ರದೊಳಗೂ ಇದೇ ಬಗೆಯ ವ್ಯವಹಾರ ಹಗಲಿರುಳು ನಡೆಯುತ್ತಿದೆ. ಒಂದು ಪ್ರೋಗ್ರಾಮು ಇನ್ನೊಂದು ಪ್ರೋಗ್ರಾಮನ್ನು ಬೇರೊಬ್ಬ ಬಳಕೆದಾರರ ಹೆಸರಿನಲ್ಲಿ ಹೊರಡಿಸುತ್ತದೆ. ಅದು ಏಕೆ ಬೇಕು, ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದೇ ಇಂದಿನ ಮಾತಿನ ವಿಷಯ. ಯಂತ್ರ ಬಲ್ಲವರ ಈ ಒಳಮಾತು ನಮಗೇಕೆ ಎಂದು ಅನ್ನಿಸಬಹುದು. ಆದರೆ ಕೂಡ್ಲಿಗಿಯ ಶೇಂಗಾ ಹೊಲದ ಹಕ್ಕೂ ಹಡಗಲಿಯ ಮಲ್ಲಿಗೆ ತೋಟದ ಹಕ್ಕೂ ಇಂದು ಗಣಕದೊಳಗಿನ ಒಂದೊಂದು ಸಾಲಾಗಿವೆ. ಆ ಸಾಲನ್ನು ಯಾರ ಹೆಸರಿನಲ್ಲಿ ಯಾರ ಕೈ ತಿದ್ದುತ್ತದೆ ಎಂಬ ಪ್ರಶ್ನೆ ಹೊಲ ಉಳ್ಳ ಎಲ್ಲರದೂ ಹೌದು.

ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳು ೧೯೫೩ರವರೆಗೆ ಮದರಾಸು ಆಡಳಿತಕ್ಕೆ ಸೇರಿದ್ದವು. ಊರಿನ ಭೂಮಿಯ ಲೆಕ್ಕ ಕರಣಂರ ದಫ್ತರದಲ್ಲಿರುತ್ತಿತ್ತು. ದಫ್ತರ ಅವರದು, ಲೇಖಣಿ ಅವರದು, ಅಕ್ಷರವೂ ಅವರದೇ. ತಪ್ಪು ನಡೆದರೆ ಅಕ್ಷರ ನೋಡಿ ಕೈಯನ್ನು ಗುರುತಿಸಬಹುದಾಗಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದ ಮೇಲೆ ಆ ಕೆಲಸ ಗ್ರಾಮ ಲೆಕ್ಕಿಗರಿಗೆ ಬಂತು. ಆಮೇಲೆ ಬಂದದ್ದು ಕರ್ನಾಟಕ ಕಂದಾಯ ಇಲಾಖೆಯ 'ಭೂಮಿ' ಯೋಜನೆ. ೨೦೦೨ರ ಹೊತ್ತಿಗೆ ರಾಜ್ಯದ ೧೭೭ ತಾಲ್ಲೂಕು ಕೇಂದ್ರಗಳಲ್ಲಿ ೬೭ ಲಕ್ಷ ರೈತರಿಗೆ ಸೇರಿದ ಸುಮಾರು ೨ ಕೋಟಿ ಪಹಣಿಗಳು ಗಣಕಕ್ಕೆ ಏರಿದ್ದವು. ಅಂದು ೧೫ ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ ಕೈಗೆ ಬರುತ್ತಿತ್ತು.

ಗಣಕದಲ್ಲಿ ಎಲ್ಲರ ಅಕ್ಷರವೂ ಒಂದೇ. ತಿದ್ದಿದ ಕೈಯನ್ನು ಗುರುತಿಸುವುದು ಹೇಗೆ? 'ಭೂಮಿ'ಯನ್ನು ರೂಪಿಸಿದವರು ಈ ಪ್ರಶ್ನೆಯನ್ನು ಮೊದಲೇ ಎದುರಿಸಿದ್ದರು. ನೌಕರರು ಗುಪ್ತಪದವನ್ನಷ್ಟೇ ಹೇಳಿ ಒಳಹೋಗದೆ ಬೆರಳಚ್ಚನ್ನೂ ಒತ್ತಬೇಕೆಂದು ಏರ್ಪಾಡು ಮಾಡಿದರು. ಗುಪ್ತಪದವನ್ನು ಪಕ್ಕದ ಮೇಜಿನವರಿಗೆ ಹೇಳಿ ಊಟಕ್ಕೆ ಹೋಗಬಹುದು, ಬೆರಳನ್ನು ಬಿಟ್ಟುಹೋಗಲಾಗದು. ಹೆಸರನ್ನು ಕೈಗೆ ಕಟ್ಟಿಹಾಕುವ ಜಾಣತನವಿದು. ಆದರೆ ಬೆರಳು ತೆಗೆದ ಮರುಕ್ಷಣದಿಂದ ಯಂತ್ರದೊಳಗೆ ಕೆಲಸ ಮಾಡುವುದು ಮನುಷ್ಯರಲ್ಲ, ಪ್ರೋಗ್ರಾಮುಗಳು. ಅವುಗಳ ಹೆಸರಿನ ಗತಿಯೇನು?

ಯಂತ್ರದ ದೃಷ್ಟಿಯಲ್ಲಿ ಬಳಕೆದಾರರೆಂದರೆ ಒಂದು ಸಂಖ್ಯೆ. ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಮಿನ ಹಣೆಯ ಮೇಲೂ ಅದು ಯಾರ ಪರವಾಗಿ ಓಡುತ್ತಿದೆ ಎಂಬ ಸಂಖ್ಯೆ ಬರೆದಿರುತ್ತದೆ. ಒಂದು ಪ್ರೋಗ್ರಾಮು ಇನ್ನೊಂದನ್ನು ಹುಟ್ಟಿಸಿದರೆ ತಾಯಿಯ ಸಂಖ್ಯೆಯೇ ಮಗುವಿಗೂ ಬರುತ್ತದೆ. ಯಾವ ಕಡತವನ್ನು ಓದಬಹುದು, ಯಾವುದನ್ನು ತಿದ್ದಬಹುದು ಎಂಬುದೆಲ್ಲ ಆ ಸಂಖ್ಯೆಯಿಂದಲೇ ತೀರ್ಮಾನವಾಗುತ್ತದೆ. ಯೂನಿಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ ಸೊನ್ನೆ ಸಂಖ್ಯೆಯ ಬಳಕೆದಾರರಿಗೆ ಎಲ್ಲ ಬಾಗಿಲುಗಳೂ ತೆರೆದಿರುತ್ತವೆ.

ಒಂದು ತೊಡಕನ್ನು ನೋಡಿ. ನನ್ನ ಗುಪ್ತಪದವನ್ನು ಬದಲಿಸುವ ಹಕ್ಕು ನನಗಿರಬೇಕು. ಆದರೆ ಎಲ್ಲರ ಗುಪ್ತಪದಗಳಿರುವ ಕಡತವನ್ನು ಮುಟ್ಟುವ ಹಕ್ಕು ನನಗಿರಬಾರದು. ಅಮೆರಿಕದ ಬೆಲ್ ಪ್ರಯೋಗಾಲಯದ ಡೆನಿಸ್ ರಿಚಿ ಇಂಥ ತೊಡಕುಗಳಿಗೆ ಕಂಡುಕೊಟ್ಟ ಪರಿಹಾರ ಸರಳವಾಗಿತ್ತು. ಪ್ರೋಗ್ರಾಮಿನ ಕಡತದ ಮೇಲೆಯೇ ಒಂದು ಗುರುತು ಹಾಕುವುದು. ಆ ಗುರುತಿದ್ದರೆ ಅದನ್ನು ಯಾರೇ ಓಡಿಸಲಿ, ಅದು ತನ್ನ ಒಡೆಯರ ಅಧಿಕಾರದಲ್ಲಿ ಓಡುತ್ತದೆ. ಮೊಹರನ್ನು ನನ್ನ ಕೈಗೆ ಕೊಡುವ ಬದಲು ಒಂದೇ ಬಗೆಯ ಕಾಗದಕ್ಕೆ ಮಾತ್ರ ಮೊಹರು ಒತ್ತುವ ಗುಮಾಸ್ತರನ್ನು ಕೂರಿಸಿದಂತೆ ಇದು. ೧೯೭೩ರಲ್ಲಿ ಇದಕ್ಕೆ ಪೇಟೆಂಟ್ ಕೋರಿದರು, ೧೯೭೯ರಲ್ಲಿ ದೊರೆಯಿತು.

ಇದಕ್ಕೆ ವಿರುದ್ಧವಾದ ದಾರಿಯೂ ಉಂಟು. ಸರ್ವಾಧಿಕಾರವುಳ್ಳ ಪ್ರೋಗ್ರಾಮೊಂದು ಮಗುವನ್ನು ಹುಟ್ಟಿಸಿ, ಆ ಮಗು ತನ್ನ ಅಧಿಕಾರವನ್ನು ಕಳಚಿಟ್ಟು ಸಾಮಾನ್ಯ ಬಳಕೆದಾರರ ಸಂಖ್ಯೆಯನ್ನು ತೊಟ್ಟು, ಆಮೇಲೆ ಬೇಕಾದ ಪ್ರೋಗ್ರಾಮಾಗಿ ಮಾರ್ಪಡುವುದು. ಇಲ್ಲಿ ಕ್ರಮ ಮುಖ್ಯ. ಮೊದಲು ಗುಂಪುಗಳ ಅಧಿಕಾರವನ್ನು ಬಿಡಬೇಕು, ಕೊನೆಗೆ ತನ್ನ ಸಂಖ್ಯೆಯನ್ನು. ಒಳಕೋಣೆಗಳಿಗೆ ಬೀಗ ಹಾಕಿಯೇ ತಲೆಬಾಗಿಲಿಗೆ ಬೀಗ ಹಾಕುವುದಷ್ಟೆ? ತಲೆಬಾಗಿಲನ್ನೇ ಮೊದಲು ಮುಚ್ಚಿ ಕೀಲಿಯನ್ನು ಒಪ್ಪಿಸಿಬಿಟ್ಟರೆ ತೆರೆದೇ ಉಳಿದ ಒಳಕೋಣೆಗೆ ಹೋಗುವವರು ಯಾರು?

ಅಧಿಕಾರ ನಿಜವಾಗಿಯೂ ಕಳಚಿತೇ ಎಂದು ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ೨೦೦೦ದಲ್ಲಿ ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳಿನಲ್ಲಿದ್ದ ದೋಷವೊಂದು ಬೆಳಕಿಗೆ ಬಂತು. ಅಂಚೆ ಸಾಗಿಸುವ ಸೆಂಡ್‌ಮೇಲ್ ಎಂಬ ಪ್ರೋಗ್ರಾಮು 'ಅಧಿಕಾರವನ್ನು ಬಿಟ್ಟೆ' ಎಂದುಕೊಂಡು ಮುಂದುವರಿಯುತ್ತಿತ್ತು. ಆದರೆ ಅದೇ ಯಂತ್ರದ ಸಾಮಾನ್ಯ ಬಳಕೆದಾರರೊಬ್ಬರು ಹೂಡಿದ ತಂತ್ರದಿಂದ ಆ ಅಧಿಕಾರ ಮೈಮೇಲೆ ಹಾಗೆಯೇ ಉಳಿದಿರುತ್ತಿತ್ತು. ಬಿಲ್ಲಿನಿಂದ ಇಳಿದೆನೆಂದು ಭಾವಿಸಿ ಬಿಲ್ಲಿನ ಮೇಲೆಯೇ ನಿಂತು ಮಾತನಾಡುತ್ತಾ ಹೋದಂತಾಯಿತು. ಅಂದಿನಿಂದ ಪ್ರೋಗ್ರಾಮು ಬರೆಯುವವರಿಗೆ ಅದೊಂದು ಪಾಠ: ಹೆಸರು ಬದಲಾಯಿತೆಂದು ಯಂತ್ರದಿಂದ ಉತ್ತರ ಪಡೆದೇ ಮುಂದಿನ ಹೆಜ್ಜೆ ಇಡಬೇಕು, ಇಲ್ಲವಾದರೆ ಅಲ್ಲಿಯೇ ನಿಲ್ಲಬೇಕು.

ನಮ್ಮ ಕಚೇರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಂಡೋಸ್‌ನಲ್ಲಿ ಕ್ರಮ ಸ್ವಲ್ಪ ಬೇರೆ. ಅಲ್ಲಿ ಹೆಸರನ್ನೂ ಗುಪ್ತಪದವನ್ನೂ ಒಪ್ಪಿಸಿದರೆ ವ್ಯವಸ್ಥೆ ಒಂದು ಟೋಕನ್ ಕೊಡುತ್ತದೆ. ಆ ಟೋಕನ್ನನ್ನು ತೋರಿಸಿ ಬೇರೊಬ್ಬರ ಹೆಸರಿನಲ್ಲಿ ಪ್ರೋಗ್ರಾಮನ್ನು ಹೊರಡಿಸಬಹುದು. ಇಲ್ಲಿ ಬರೆಯುವವರಿಗೆ ಎದುರಾಗುವ ದೊಡ್ಡ ಪ್ರಲೋಭನೆಯೆಂದರೆ ಆ ಗುಪ್ತಪದವನ್ನು ಪ್ರೋಗ್ರಾಮಿನೊಳಗೇ ಬರೆದಿಟ್ಟುಬಿಡುವುದು. ತಿಜೋರಿಯ ಕೀಲಿಯನ್ನು ತಿಜೋರಿಯ ಬಾಗಿಲಿಗೇ ಕಟ್ಟಿ ನೇತುಹಾಕಿದಂತೆ. ಪ್ರೋಗ್ರಾಮನ್ನು ಓದಬಲ್ಲವರೆಲ್ಲರೂ ಆ ಹೆಸರಿನ ಒಡೆಯರಾಗುತ್ತಾರೆ. ವಿಂಡೋಸ್‌ನ 'ರನ್ ಆ್ಯಸ್' ಎಂಬ ಆಜ್ಞೆ ಗುಪ್ತಪದವನ್ನು ಆಜ್ಞೆಯ ಸಾಲಿನಲ್ಲಿ ಬರೆಯಲು ಅವಕಾಶವನ್ನೇ ಕೊಡುವುದಿಲ್ಲ. ಕೀಲಿಮಣೆಯ ಮುಂದೆ ಕುಳಿತವರನ್ನೇ ಕೇಳುತ್ತದೆ.

ದಿನವೂ ತಾನಾಗಿ ನಡೆಯಬೇಕಾದ ಕೆಲಸಕ್ಕೆ ಕುಳಿತು ಉತ್ತರ ಹೇಳುವವರು ಇರುವುದಿಲ್ಲ. ಅಂಥ ಕೆಲಸಕ್ಕೆ ವ್ಯಕ್ತಿಯ ಖಾತೆಯನ್ನು ಬಳಸದೆ ಆ ಕೆಲಸಕ್ಕೆಂದೇ ಒಂದು ಖಾತೆಯನ್ನು ತೆರೆದು, ಅದಕ್ಕೆ ಬೇಕಾದಷ್ಟೇ ಹಕ್ಕನ್ನು ಕೊಡುವುದು ವಿವೇಕ. ಹರಪನಹಳ್ಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ತಾಲ್ಲೂಕು ೧೯೯೭ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, ೨೦೧೮ರಲ್ಲಿ ಮರಳಿ ಬಳ್ಳಾರಿಗೆ, ೨೦೨೧ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಕೊಟ್ಟೂರಿನವರೂ ಕೂಡ್ಲಿಗಿಯಿಂದ ಬೇರೆಯಾಗಿ ತಮ್ಮದೇ ತಾಲ್ಲೂಕನ್ನು ಕಂಡರು. ಅಧಿಕಾರಿಗಳು ಬದಲಾದರು, ಜಿಲ್ಲೆಯ ಹೆಸರು ಬದಲಾಯಿತು. ತಹಸೀಲ್ದಾರರೆಂಬ ಹುದ್ದೆ ಮಾತ್ರ ಉಳಿಯಿತು. ವ್ಯಕ್ತಿಯ ಖಾತೆಗೆ ಕಟ್ಟಿದ ಪ್ರೋಗ್ರಾಮು, ಅವರಿಗೆ ವರ್ಗವಾಗಿ ಆ ಖಾತೆಯನ್ನು ಮುಚ್ಚಿದ ದಿನ ನಿಲ್ಲುತ್ತದೆ. ಹುದ್ದೆಗೆ ಕಟ್ಟಿದ್ದು ನಡೆಯುತ್ತಿರುತ್ತದೆ.

ಇಷ್ಟೆಲ್ಲ ಜಾಗರೂಕತೆಯ ನಡುವೆಯೂ ಉಳಿಯುವ ಒಂದು ಅಪಾಯವನ್ನು ೧೯೮೮ರಲ್ಲಿ ನಾರ್ಮ್ ಹಾರ್ಡಿ ಎಂಬುವರು ಸೊಗಸಾಗಿ ವಿವರಿಸಿದರು. ಅವರು ಹೇಳಿದ ಸಂಗತಿ ಹೀಗಿದೆ. ಹಲವರು ಬಾಡಿಗೆ ಕೊಟ್ಟು ಬಳಸುತ್ತಿದ್ದ ಒಂದು ಗಣಕದಲ್ಲಿ ಕಂಪೈಲರ್ ಎಂಬ ಪ್ರೋಗ್ರಾಮಿಗೆ ತನ್ನ ಲೆಕ್ಕವನ್ನು ಬರೆದಿಡಲೆಂದು ಒಂದು ವಿಶೇಷ ಕಪಾಟಿನಲ್ಲಿ ಬರೆಯುವ ಹಕ್ಕಿತ್ತು. ಅದೇ ಕಪಾಟಿನಲ್ಲಿ ಗಿರಾಕಿಗಳ ಬಿಲ್ಲುಗಳ ಕಡತವೂ ಇತ್ತು. ಬಳಕೆದಾರರೊಬ್ಬರು 'ನನ್ನ ಫಲಿತಾಂಶವನ್ನು ಇಂಥ ಕಡತದಲ್ಲಿ ಬರೆ' ಎಂದು ಬಿಲ್ಲಿನ ಕಡತದ ಹೆಸರನ್ನೇ ಕೊಟ್ಟರು. ಪ್ರೋಗ್ರಾಮು ವಿಧೇಯವಾಗಿ ಬರೆಯಿತು, ಬಿಲ್ಲುಗಳು ಅಳಿಸಿಹೋದವು. ಬರೆಯಲು ಹೇಳಿದವರಿಗೆ ಆ ಹಕ್ಕಿರಲಿಲ್ಲ. ಬರೆದ ಪ್ರೋಗ್ರಾಮಿಗೆ ಇತ್ತು. ತಾನು ಯಾರ ಮಾತಿಗೆ ಯಾರ ಅಧಿಕಾರವನ್ನು ಬಳಸುತ್ತಿದ್ದೇನೆಂಬುದು ಅದಕ್ಕೆ ತಿಳಿಯಲಿಲ್ಲ. ಹಾರ್ಡಿ ಇದನ್ನು 'ಗೊಂದಲಕ್ಕೊಳಗಾದ ಪ್ರತಿನಿಧಿ' ಎಂದು ಕರೆದರು.

ಇದನ್ನು ನಮ್ಮ ಕಿಟಕಿಗೆ ತಂದು ಯೋಚಿಸೋಣ. ಹಗರಿಬೊಮ್ಮನಹಳ್ಳಿಯ ರೈತರೊಬ್ಬರು ತಮ್ಮ ಪಹಣಿ ಕೇಳುತ್ತಾರೆಂದು ಭಾವಿಸಿ. ಕಿಟಕಿಯ ಪ್ರೋಗ್ರಾಮಿಗೆ ಬೇಕಾದದ್ದು ಓದಿ ಅಚ್ಚುಹಾಕುವ ಹಕ್ಕು ಮಾತ್ರ. ಅದನ್ನು ಅನುಕೂಲಕ್ಕೆಂದು ಸರ್ವಾಧಿಕಾರಿಯ ಹೆಸರಿನಲ್ಲಿ ಓಡಿಸಿದರೆ ಎಲ್ಲವೂ ಸಲೀಸಾಗಿ ನಡೆಯುವಂತೆ ಕಾಣುತ್ತದೆ. ಆದರೆ ಕುಟಿಲವಾಗಿ ಬರೆದ ಒಂದು ಬೇಡಿಕೆ ಬಂದ ದಿನ, ಓದಬೇಕಾದ ಕೈ ತಿದ್ದುತ್ತದೆ. ದಾಖಲೆಯಲ್ಲಿ ಉಳಿಯುವುದು ಸರ್ವಾಧಿಕಾರಿಯ ಹೆಸರು. ಹೊಲ ಕಳೆದುಕೊಂಡವರು ಯಾರನ್ನು ಕೇಳಬೇಕು?

ಆದ್ದರಿಂದಲೇ ಮೈಲಾರದ ಮೂರು ಮಾತುಗಳಿಗೆ ನಾಲ್ಕನೆಯದನ್ನು ಸೇರಿಸಬೇಕಾಗುತ್ತದೆ: ದಾಖಲೆ. ೧೯೮೦ರ ಸುಮಾರಿಗೆ ಅಮೆರಿಕದ ಬಫಲೋ ನಗರದ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ 'ಸೂಡೂ' ಎಂಬ ಆಜ್ಞೆ ಬೇರೊಬ್ಬರ ಹೆಸರಿನಲ್ಲಿ ಪ್ರೋಗ್ರಾಮನ್ನು ಹೊರಡಿಸುವ ಜನಪ್ರಿಯ ಸಾಧನ. ಇಂದು ಅದು ಬರೆದಿಡುವ ಸಾಲಿನಲ್ಲಿ ಎರಡು ಹೆಸರುಗಳಿರುತ್ತವೆ: ಅಪ್ಪಣೆ ಕೊಟ್ಟ ಕೈ ಯಾರದು, ಯಾರ ಅಧಿಕಾರದಲ್ಲಿ ಕೆಲಸ ನಡೆಯಿತು. 'ಪರವಾಗಿ' ಎಂಬ ಪದದ ಕೆಳಗೆ ಗುರುತಿಸಬಹುದಾದ ರುಜುವೂ ಇದ್ದಂತೆ. ಇಂಥ ಸಾಧನವೂ ನಿರ್ದೋಷವಲ್ಲ. ೨೦೧೧ರಲ್ಲಿ ಅದರೊಳಗೆ ಸೇರಿಕೊಂಡ ಒಂದು ತಪ್ಪು ೨೦೨೧ರಲ್ಲಿ ಬಯಲಾಯಿತು. ಯಂತ್ರದಲ್ಲಿ ಖಾತೆಯುಳ್ಳ ಯಾರೇ ಆದರೂ ಸರ್ವಾಧಿಕಾರ ಪಡೆಯಲು ಅದರಿಂದ ದಾರಿಯಾಗಿತ್ತು. ಹತ್ತು ವರ್ಷ ಜಗತ್ತಿನ ಅಸಂಖ್ಯ ಯಂತ್ರಗಳ ಬಾಗಿಲಲ್ಲಿ ಆ ಬಿರುಕು ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಕಾವಲುಗಾರರನ್ನೂ ಆಗಾಗ ಪರೀಕ್ಷಿಸಬೇಕೆಂಬುದಕ್ಕೆ ಇದು ಸಾಕ್ಷಿ.

ಅಧಿಕಾರವನ್ನು ಕೈಯಿಂದ ಕೈಗೆ ದಾಟಿಸದೆ ಆಡಳಿತ ನಡೆಯದು, ಯಂತ್ರವೂ ನಡೆಯದು. ದಾಟಿಸುವುದು ತಪ್ಪಲ್ಲ. ಎಷ್ಟು ದಾಟಿಸಿದೆವು, ಯಾವಾಗ ಮರಳಿ ಪಡೆದೆವು, ಯಾರ ಕೈಗೆ ಕೊಟ್ಟೆವು ಎಂಬುದನ್ನು ಮರೆತರೆ ತಪ್ಪು. ಮುಂದೆ ಎಂದಾದರೂ ಪಹಣಿ ಕೈಗೆ ಬಂದಾಗ ಅದರಲ್ಲಿ ನಿಮ್ಮ ಹೆಸರು ಸರಿಯಾಗಿದೆಯೇ ಎಂದು ನೋಡುತ್ತೀರಿ. ಆ ಹೆಸರನ್ನು ಬರೆದ ಕೈ ಯಾರದೆಂದು ಕೇಳಿದರೆ ಉತ್ತರ ಹೇಳಬಲ್ಲ ವ್ಯವಸ್ಥೆಯೇ ಆ ಹೆಸರಿಗಿರುವ ನಿಜವಾದ ಕಾವಲು.