ಚೂರಾದ ಬೆಳ್ಳಿ

ಮ್ಯೂನಿಕ್‌ನ ಸಸ್ಯವಿಜ್ಞಾನಿ ಕಾರ್ಲ್ ನೇಗೆಲಿಯನ್ನು ಒಂದು ಒಗಟು ಕಾಡುತ್ತಿತ್ತು. ನೀರಿನಲ್ಲಿ ಎಳೆಎಳೆಯಾಗಿ ಬೆಳೆಯುವ ಸ್ಪೈರೊಗೈರಾ ಎಂಬ ಪಾಚಿಯನ್ನು ತಾಮ್ರದ ನಾಣ್ಯ ಹಾಕಿಟ್ಟಿದ್ದ ನೀರಿಗೆ ಬಿಟ್ಟರೆ ಅದು ಸಾಯುತ್ತಿತ್ತು. ಬೆಳ್ಳಿಯದೂ ಅದೇ ಕತೆ. ನೀರಿಗಿಳಿದ ಲೋಹವೋ ಎಳ್ಳಿನ ಮೊನೆಯಷ್ಟೂ ಇಲ್ಲ! ಅತ್ಯಲ್ಪದಲ್ಲೇ ಅಡಗಿರುವ ಈ ಶಕ್ತಿಗೆ ಆತ ‘ಆಲಿಗೊಡೈನಮಿಕ್’ ಎಂದು ಹೆಸರಿಟ್ಟ. ಬರಹ ಅಚ್ಚಾದದ್ದು 1893ರಲ್ಲಿ, ಆತ ತೀರಿಕೊಂಡ ಎರಡು ವರ್ಷದ ಮೇಲೆ. ಮೆಂಡೆಲ್‌ನ ಬಟಾಣಿ ಪ್ರಯೋಗಗಳ ಬೆಲೆ ಅರಿಯದವನೆಂದೇ ಚರಿತ್ರೆ ನೆನೆಯುವ ಈತ, ಲೋಹದ ವಿಷಯದಲ್ಲಿ ಮಾತ್ರ ಸರಿಯಾದ ಎಳೆಯನ್ನೇ ಹಿಡಿದಿದ್ದ.

ಅದಕ್ಕೂ ತುಸು ಮುಂಚೆ, 1889ರಲ್ಲಿ, ಫಿಲಡೆಲ್ಫಿಯಾದ ಕೇರಿ ಲೀ ಬೆಳ್ಳಿಯ ಲವಣಕ್ಕೆ ಕಬ್ಬಿಣದ ಲವಣವನ್ನೂ ಸಿಟ್ರೇಟನ್ನೂ ಬೆರೆಸಿ ನೋಡುತ್ತಿದ್ದ. ಫೋಟೋಗ್ರಫಿಯ ರಸಾಯನಗಳಲ್ಲಿ ಮುಳುಗಿದ್ದ ಆತನಿಗೆ ರೋಗಾಣುಗಳ ಯೋಚನೆಯೇ ಇರಲಿಲ್ಲ. ಬೆಳ್ಳಿ ನೀರಿನಲ್ಲಿ ಕರಗಿದಂತೆ ಕಂಡಿತು. ಒಣಗಿಸಿದರೆ ನೀಲಿಯ ಛಾಯೆ. ಇದು ಬೆಳ್ಳಿಯ ಬೇರೆಯೇ ರೂಪ ಎಂದುಕೊಂಡ. ನಿಜಕ್ಕೂ ಅದು ಹತ್ತು ನ್ಯಾನೋಮೀಟರಿನ ಆಸುಪಾಸಿನ ಬೆಳ್ಳಿಯ ಚೂರುಗಳ ರಾಶಿ. ಆ ಅಳತೆಯನ್ನು ಕಾಣಬಲ್ಲ ಕಣ್ಣು ಆಗ ಯಾರಿಗೂ ಇರಲಿಲ್ಲ.

ಇಂಥ ಬೆಳ್ಳಿ ಕೆಲಕಾಲ ಔಷಧವಾಗಿಯೂ ಓಡಾಡಿತು. ಆಮೇಲೆ ಪೆನಿಸಿಲಿನ್ ಬಂತು, ಬೆಳ್ಳಿ ಮೂಲೆ ಸೇರಿತು. ಸುಟ್ಟಗಾಯದ ಮುಲಾಮಿನಂಥ ಕೆಲವೆಡೆ ಮಾತ್ರ ಉಳಿಯಿತು. ಆಂಟಿಬಯಾಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಆಸ್ಪತ್ರೆ ತುಂಬಿದಾಗ ಮತ್ತೆ ಅದರ ನೆನಪಾಯಿತು. 2004ರಲ್ಲಿ ಕ್ರೊವೇಶಿಯದ ಇವಾನ್ ಸೋಂಡಿ ಮತ್ತು ಬ್ರಾಂಕಾ ಸಾಲೊಪೆಕ್-ಸೋಂಡಿ, ಬೆಳ್ಳಿಯ ನ್ಯಾನೋಕಣ ತಾಗಿದ ಇ. ಕೋಲೈ ಬ್ಯಾಕ್ಟೀರಿಯಾವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಜೀವಕೋಶದ ಗೋಡೆಯಲ್ಲಿ ಗುಳಿ ಬಿದ್ದಿದ್ದವು. ಮರುವರ್ಷ ಟೆಕ್ಸಾಸ್‌ನಲ್ಲಿ ಮೊರೋನೆಸ್ ಮತ್ತು ಸಂಗಡಿಗರು, ಬ್ಯಾಕ್ಟೀರಿಯಾದ ಮೈಗೆ ಹೆಚ್ಚಾಗಿ ಅಂಟುವುದು 1ರಿಂದ 10 ನ್ಯಾನೋಮೀಟರಿನ ಕಣಗಳು ಎಂದು ತೋರಿಸಿದರು.

ಇಷ್ಟು ಚಿಕ್ಕದಾದರೆ ಲಾಭವೇನು? ಒಂದು ಸೆಂಟಿಮೀಟರ್ ಘನದ ಬೆಳ್ಳಿಯ ತುಂಡು ತೆಗೆದುಕೊಳ್ಳಿ. ತೂಕ ಸುಮಾರು ಹತ್ತೂವರೆ ಗ್ರಾಂ, ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್. ಬೆರಳತುದಿಯಷ್ಟಿದ್ದ ಬೆಳ್ಳಿ ಐದು 30×40 ಸೈಟುಗಳ ಮೇಲೆ ಹಾಸಿಕೊಂಡಂತೆ!

ಹಾಗಾದರೆ ಕೊಲ್ಲುವುದು ಈ ಚೂರೇ ಇರಬೇಕು. 2012ರಲ್ಲಿ ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದ ಪೆಡ್ರೊ ಅಲ್ವಾರೆಸ್ ಅವರ ತಂಡ ಈ ನಂಬಿಕೆಯನ್ನೇ ಬುಡಮೇಲು ಮಾಡಿತು. ಆಮ್ಲಜನಕದ ಸುಳಿವೂ ಇಲ್ಲದ ಪೆಟ್ಟಿಗೆಯೊಳಗೆ ಕಣಗಳನ್ನು ತಯಾರಿಸಿ, ಅಲ್ಲೇ ಬ್ಯಾಕ್ಟೀರಿಯಾಗಳಿಗೆ ಉಣಿಸಿದರು. ಅವು ಸಾಯಲಿಲ್ಲ. ಗಾಳಿ ತಾಗಿ ಬೆಳ್ಳಿಯ ಮೇಲ್ಮೈ ಸವೆದು ಅಯಾನುಗಳು ಬಿಡುಗಡೆಯಾದರೆ ಮಾತ್ರ ಸಾವು. ಈ ಅಯಾನುಗಳು ಬ್ಯಾಕ್ಟೀರಿಯಾದ ಪ್ರೋಟೀನುಗಳಲ್ಲಿರುವ ಗಂಧಕಕ್ಕೆ ಅಂಟಿಕೊಂಡು ಅದರ ಉಸಿರಾಟವನ್ನೇ ಕೆಡಿಸುತ್ತವೆ. ಅಂದರೆ ನ್ಯಾನೋಕಣ ಹಾರಿಬರುವ ಗುಂಡಲ್ಲ. ವಿಷವನ್ನು ಹದವಾಗಿ ಬಿಡುವ ಉಗ್ರಾಣ. ಇನ್ನೂ ಒಂದು ಎಚ್ಚರಿಕೆ ಅಲ್ಲಿತ್ತು: ಕೊಲ್ಲುವಷ್ಟು ಇಲ್ಲದ ಪ್ರಮಾಣ ಸಿಕ್ಕಿದ ಬ್ಯಾಕ್ಟೀರಿಯಾಗಳು ಮೊದಲಿಗಿಂತ ಚೆನ್ನಾಗಿ ಬದುಕಿದವು.

ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಂದ ಮಾತ್ರಕ್ಕೆ ಬೆಳ್ಳಿ ಆಂಟಿಬಯಾಟಿಕ್‌ನಂತೆ ನುಂಗುವ ಗುಳಿಗೆಯಲ್ಲ. ಮೈಯಲ್ಲಿ ಬೆಳ್ಳಿ ಶೇಖರವಾದರೆ ಚರ್ಮ ಬೂದುನೀಲಿಗೆ ತಿರುಗುತ್ತದೆ, ಮತ್ತೆ ಮೊದಲಿನಂತಾಗದು. ಗಾಯದ ಪಟ್ಟಿ, ಕ್ಯಾತಿಟರ್ ಲೇಪ, ನೀರಿನ ಫಿಲ್ಟರ್: ಅದರ ಜಾಗ ಮೈಯ ಹೊರಗೆ, ಇಲ್ಲವೇ ಮೈಯ ಅಂಚಿನಲ್ಲಿ.

ಎದುರಾಳಿಯೂ ಸುಮ್ಮನೆ ಕೂರಲಿಲ್ಲ. 2018ರಲ್ಲಿ ಚೆಕ್ ದೇಶದ ಓಲೊಮೌಟ್ಸ್‌ನ ಸಂಶೋಧಕರು ಇ. ಕೋಲೈಗೆ ತಲೆಮಾರಿನಿಂದ ತಲೆಮಾರಿಗೆ ನ್ಯಾನೋಬೆಳ್ಳಿ ಕೊಡುತ್ತ ಬಂದರು. ಜೀನುಗಳು ಬದಲಾಗಲಿಲ್ಲ, ಆದರೂ ಅವು ಬಗ್ಗದಾದವು. ಈಜುವ ಬಾಲ ಕಟ್ಟುವ ಫ್ಲಾಜೆಲಿನ್ ಎಂಬ ಪ್ರೋಟೀನನ್ನು ಹೊರಗೆ ಸುರಿಯುತ್ತಿದ್ದವು. ಅದು ತಾಗಿದ್ದೇ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತಿದ್ದವು. ಚೂರು ಮಾಡಿ ಹಾಸಿದ್ದ ಸೈಟುಗಳನ್ನು ಬ್ಯಾಕ್ಟೀರಿಯಾ ಮತ್ತೆ ಉಂಡೆ ಕಟ್ಟಿಬಿಟ್ಟಿತು.

ಫ್ಲಾಜೆಲಿನ್ ಹುಟ್ಟದಂತೆ ತಡೆದು ಬೆಳ್ಳಿಗೆ ಮತ್ತೆ ಬಲ ಕೊಡಲು ಆ ಪ್ರಯೋಗಾಲಯ ಬಳಸಿದ್ದು ಹೊಸ ಔಷಧವನ್ನೇನಲ್ಲ. ಹೊಟ್ಟೆ ಕೆಟ್ಟಾಗ ನಮ್ಮ ಅಜ್ಜಿಯರು ಕಷಾಯಕ್ಕೆ ಹಾಕುತ್ತಿದ್ದ ದಾಳಿಂಬೆ ಸಿಪ್ಪೆಯ ಸಾರವನ್ನು.