ಹೊಗೆಸೊಪ್ಪಿನ ಸೀಮೆಗೂ ಒಂದು ಆಟದ ಪೇಟೆ

1996ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಬೌಂಡರಿ ಬಾರಿಸಿ ಬ್ಯಾಟು ತೋರಿಸಿ ಕೆಣಕಿದ ಆಮಿರ್ ಸೊಹೈಲ್ ಅವರನ್ನು ವೆಂಕಟೇಶ್ ಪ್ರಸಾದ್ ಮರು ಎಸೆತದಲ್ಲೇ ಬೌಲ್ಡ್ ಮಾಡಿದ್ದು ಯಾರಿಗೆ ಮರೆತೀತು? ಆದರೆ ಆ ವಿಶ್ವಕಪ್ ಯಾರ ಹೆಸರಿನಲ್ಲಿ ನಡೆಯಿತು ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಅದು ವಿಲ್ಸ್ ವಿಶ್ವಕಪ್. 90ರ ದಶಕದಲ್ಲಿ ಭಾರತ ತಂಡದ ಅಂಗಿಯ ಮೇಲಿದ್ದದ್ದೂ ಐಟಿಸಿಯ ಇದೇ ಸಿಗರೇಟಿನ ಹೆಸರು. ಹುಣಸೂರಿನ ಕಟ್ಟೆಮಳಲವಾಡಿ, ಪಿರಿಯಾಪಟ್ಟಣ, ಕಂಪಲಾಪುರ, ಎಚ್.ಡಿ. ಕೋಟೆಯ ಹರಾಜು ಮಾರುಕಟ್ಟೆಗಳಲ್ಲಿ ಹೊಗೆಸೊಪ್ಪಿನ ಬೇಲುಗಳನ್ನು ಕೊಳ್ಳುವ ದೊಡ್ಡ ಕಂಪನಿಗಳಲ್ಲಿ ಐಟಿಸಿಯೂ ಒಂದು.

2001ರಲ್ಲಿ ಐಟಿಸಿ ಕ್ರಿಕೆಟ್‌ನಿಂದ ಹಿಂದೆ ಸರಿಯಿತು. 2003ರ ಕಾಯ್ದೆ ತಂಬಾಕಿನ ಜಾಹೀರಾತಿಗೆ, ಪ್ರಾಯೋಜಕತ್ವಕ್ಕೆ ತಡೆಯೊಡ್ಡಿತು. ಸೊಪ್ಪಿನ ಹೆಸರು ಹೋದರೂ ಈಚೆಗೆ ಹಾಲಿನ ಹೆಸರು ಅಂಗಳಕ್ಕೆ ಬಂತು: 2024ರ ಜೂನ್‌ನಲ್ಲಿ ಅಮೆರಿಕ ಮತ್ತು ವೆಸ್ಟ್ ಇಂಡೀಸ್‌ನಲ್ಲಿ ನಡೆದ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ಆಟಗಾರರ ಜೆರ್ಸಿಯ ಮೇಲೆ ‘ನಂದಿನಿ’ ಕಾಣಿಸಿಕೊಂಡಳು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಈ ನಾಲ್ಕೂ ತಾಲ್ಲೂಕುಗಳ ಡೇರಿಗಳಿಂದ ದಿನಾ ಎರಡು ಹೊತ್ತು ಹಾಲು ಹೋಗುವುದು ಅದೇ ನಂದಿನಿಗೆ.

ಸೊಪ್ಪು ನಮ್ಮದು, ಹಾಲೂ ನಮ್ಮದು. ಅವುಗಳಿಂದ ಹುಟ್ಟಿದ ಹಣವನ್ನು ಆಟದ ಅಂಗಳಕ್ಕೆ ತರುವ ಉದ್ಯೋಗ ಮಾತ್ರ ದೊಡ್ಡ ನಗರಗಳ ಪಾಲಾಗಿದೆ. ಪದವಿ ಮುಗಿಸಿ ಕೆಲಸ ಹುಡುಕುವ ಇಲ್ಲಿನ ಹುಡುಗ ಹುಡುಗಿಯರು ಆ ಕಸುಬನ್ನು ಒಮ್ಮೆ ಹತ್ತಿರದಿಂದ ನೋಡಬೇಕು.

ಚಂದಾ ಅಲ್ಲ, ಕರಾರು

ಊರಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗೆ ಹುಡುಗರು ರಸೀದಿ ಪುಸ್ತಕ ಹಿಡಿದು ಗೊಬ್ಬರದ ಅಂಗಡಿ, ಬೈಕ್ ಶೋರೂಂ, ಮುಖಂಡರ ಮನೆ ಸುತ್ತುತ್ತಾರೆ. ಕೊಟ್ಟವರ ಹೆಸರು ಫ್ಲೆಕ್ಸ್‌ಗೆ ಏರುತ್ತದೆ, ಮೈಕಿನಲ್ಲಿ ಮೊಳಗುತ್ತದೆ. ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಪ್ರಾಯೋಜಕತ್ವದ ವ್ಯಾಪಾರ ಅಲ್ಲಿಂದ ಮುಂದಕ್ಕೆ ಶುರುವಾಗುತ್ತದೆ. ಹೆಸರು ಎಲ್ಲಿ, ಎಷ್ಟು ದೊಡ್ಡದಾಗಿ ಇರಬೇಕು, ಎಷ್ಟು ಸಲ ಕೂಗಬೇಕು, ಯಾವ ಎದುರಾಳಿ ಕಂಪನಿಗೆ ಜಾಗ ಕೊಡಬಾರದು ಎಂಬುದೆಲ್ಲ ಮೊದಲೇ ಕಾಗದದ ಮೇಲೆ ತೀರ್ಮಾನವಾಗುತ್ತದೆ. ಆಟ ಮುಗಿದ ಮೇಲೆ ಎಷ್ಟು ಜನ ಬಂದರು, ಎಷ್ಟು ಮಂದಿ ಮೊಬೈಲಿನಲ್ಲಿ ನೋಡಿದರು ಎಂಬ ವರದಿ ಫೋಟೊಗಳ ಸಮೇತ ಪ್ರಾಯೋಜಕರ ಕೈಸೇರುತ್ತದೆ. ಮುಂದಿನ ವರ್ಷದ ಹಣ ತರುವುದು ಈ ವರದಿಯೇ.

‘ಎದುರಾಳಿಗೆ ಜಾಗವಿಲ್ಲ’ ಎಂಬ ಷರತ್ತು ಎಷ್ಟು ಸೂಕ್ಷ್ಮವೆಂಬುದಕ್ಕೂ 1996ರ ವಿಶ್ವಕಪ್ಪೇ ಪಾಠ. ಹಣ ತೆತ್ತು ಅಧಿಕೃತ ಪಾನೀಯವಾದದ್ದು ಕೋಕಾಕೋಲಾ. ಆ ಅಧಿಕೃತತೆಯನ್ನೇ ಗೇಲಿ ಮಾಡುವ ಜಾಹೀರಾತು ಬಿಟ್ಟು ಜನರ ಬಾಯಲ್ಲಿ ಉಳಿದದ್ದು ಪೆಪ್ಸಿ. ಕಾನೂನು ಬದಲಾದರಂತೂ ಕರಾರೇ ಬಿದ್ದುಹೋಗುತ್ತದೆ. 2025ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕಾಯ್ದೆ ನಿಷೇಧಿಸಿದ್ದೇ ತಡ, ಭಾರತ ತಂಡದ ಜೆರ್ಸಿಯಿಂದ ಡ್ರೀಮ್11 ಇಳಿದು ಅಪೋಲೊ ಟೈರ್ಸ್ ಬಂತು. ಹಾಗಾಗಿ ಈ ಕಸುಬಿನವರಿಗೆ ಸ್ಕೋರು ಗೊತ್ತಿದ್ದರೆ ಸಾಲದು, ಕಾಯ್ದೆಯೂ ಗೊತ್ತಿರಬೇಕು.

ಪೇಟೆಯ ಗಾತ್ರ ಹೇಗೆ ಬೆಳೆದಿದೆ ನೋಡಿ. 2008ರಲ್ಲಿ ಐಪಿಎಲ್ ಶುರುವಾದಾಗ ಡಿಎಲ್‌ಎಫ್ 5 ವರ್ಷಕ್ಕೆ 200 ಕೋಟಿ ರೂಪಾಯಿಗೆ ತನ್ನ ಹೆಸರು ಅಂಟಿಸಿತು. 2024ರಿಂದ 2028ರವರೆಗಿನ 5 ವರ್ಷಕ್ಕೆ ಟಾಟಾ ಒಪ್ಪಿದ್ದು 2,500 ಕೋಟಿ.

ಮೈಸೂರಿನ ಬಾಗಿಲು

ಮುಂಬೈವರೆಗೆ ಹೋಗಬೇಕಿಲ್ಲ. ಸೈಕಲ್ ಅಗರಬತ್ತಿ ತಯಾರಿಸುವ ಮೈಸೂರಿನ ಎನ್.ಆರ್. ಸಮೂಹವೇ ‘ಮೈಸೂರು ವಾರಿಯರ್ಸ್’ ಕ್ರಿಕೆಟ್ ತಂಡದ ಒಡೆತನ ಹೊಂದಿದೆ. 2014ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಗೆದ್ದ ತಂಡ, 2024ರಲ್ಲಿ ಕರುಣ್ ನಾಯರ್ ನಾಯಕತ್ವದಲ್ಲಿ ಮಹಾರಾಜ ಟ್ರೋಫಿಯನ್ನೂ ಗೆದ್ದಿತು. ಇಂಥದೊಂದು ತಂಡಕ್ಕೆ ಹನ್ನೊಂದು ಮಂದಿ ಆಟಗಾರರ ಬೆನ್ನಿಗೆ ಫಿಸಿಯೊ, ವಿಡಿಯೊ ವಿಶ್ಲೇಷಕ, ಪ್ರಾಯೋಜಕರನ್ನು ಹುಡುಕುವವರು, ಕನ್ನಡದಲ್ಲಿ ಜಾಲತಾಣ ನೋಡಿಕೊಳ್ಳುವವರು, ಬಸ್ಸು–ಹೋಟೆಲು–ಊಟ ಹೊಂದಿಸುವವರು ಬೇಕು.

ಜನರನ್ನು ಸಂಭಾಳಿಸುವುದಂತೂ ಎಲ್ಲಕ್ಕಿಂತ ಹೊಣೆಯ ಕೆಲಸ. 2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ವೇಳೆ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ವರ್ಷದ ಮಹಾರಾಜ ಟ್ರೋಫಿ ಮೈಸೂರಿನಲ್ಲಿ ಪ್ರೇಕ್ಷಕರಿಲ್ಲದೆ ನಡೆಯಿತು. ಗೇಟು, ಟಿಕೆಟ್, ಜನಸಂದಣಿಯನ್ನು ಬಲ್ಲವರಿಲ್ಲದೆ ಯಾವ ಬ್ರ್ಯಾಂಡಿನ ಹಣಕ್ಕೂ ಬೆಲೆಯಿಲ್ಲ.

ಬಂದ ಜನರನ್ನು ಹಿಡಿದಿಡುವ ವಿದ್ಯೆಗೆ ದಸರಾ ಕುಸ್ತಿಯೂ ಹಳೆಯ ಶಾಲೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸರ ಹೆಸರಿನ, ಮೈಸೂರಿನ ಕ್ರೀಡಾಂಗಣದಲ್ಲಿ ನಡೆಯುವ ಆ ಕುಸ್ತಿಗೆ ಮೊದಲೇ ಸಮಬಲದ ಪೈಲ್ವಾನರನ್ನು ನೋಡಿ ಜೋಡಿ ಕಟ್ಟುತ್ತಾರೆ. ಜೋಡಿ ಸರಿಯಿಲ್ಲದಿದ್ದರೆ ಜನ ಎದ್ದುಹೋಗುತ್ತಾರೆಂದು ಗರಡಿಯ ಹಿರಿಯರಿಗೆ ಗೊತ್ತು.

ಓದು, ಸಂಪಾದನೆ

ಕ್ರಿಕೆಟಿಗ ನೀಲೇಶ್ ಕುಲಕರ್ಣಿ 2010ರಲ್ಲಿ ಮುಂಬೈನಲ್ಲಿ ಕ್ರೀಡಾ ನಿರ್ವಹಣೆಗೆಂದೇ ಸಂಸ್ಥೆ ಕಟ್ಟಿದರು. ರೋಹ್ಟಕ್‌ನ ಐಐಎಂನಲ್ಲೂ ಈ ವಿಷಯದ ಕೋರ್ಸಿದೆ. ಆದರೆ ಶುಲ್ಕ ಕಟ್ಟುವ ಮುನ್ನ ಒಂದೆರಡು ಹಂಗಾಮು ಪಂದ್ಯಾವಳಿಗಳಲ್ಲಿ ದುಡಿದು ನೋಡುವುದು ಜಾಣತನ. ಇದು ಹಂಗಾಮಿನ ಕೆಲಸ. ಟೂರ್ನಿ ಮುಗಿದ ಮೇಲೆ ಕೈ ಖಾಲಿಯಾಗುವುದುಂಟು. ರಜೆಯ ದಿನವೇ ಹೆಚ್ಚು ದುಡಿಮೆ.

ಹಳ್ಳಿಗಾಡಿಗೆ ದೊಡ್ಡ ಅವಕಾಶ ಇರುವುದು ಬೇರೆಡೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ತೆಗೆದಿಡಬೇಕು. ಆ ಕೆಲಸಗಳ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡಾ ತರಬೇತಿಯೂ ಇದೆ. ಹಣ ಪಡೆಯಲು ಬೇಕಾದದ್ದು ನೋಂದಾಯಿತ ಸಂಸ್ಥೆ, ವರ್ಷ ವರ್ಷದ ಲೆಕ್ಕಪರಿಶೋಧನೆ, ಕಂಪನಿಗೆ ಅರ್ಥವಾಗುವಂತೆ ಬರೆದ ಯೋಜನೆ. ಎಚ್.ಡಿ. ಕೋಟೆಯ ಹಾಡಿ ಮಕ್ಕಳಿಗೆ ವಾಲಿಬಾಲ್ ಅಂಗಳ, ಪಿರಿಯಾಪಟ್ಟಣದ ಕಬಡ್ಡಿ ತಂಡಕ್ಕೆ ಮ್ಯಾಟ್ ಬೇಕೆಂದು ಅರ್ಜಿ ಬರೆದು, ಬಂದ ಹಣಕ್ಕೆ ಪೈಸೆ ಪೈಸೆ ಲೆಕ್ಕ ಕೊಡಬಲ್ಲ ಬಿ.ಕಾಂ. ಪದವೀಧರರಿಗೆ ಬೆಂಗಳೂರಿನ ಬಸ್ಸು ಹತ್ತದೆಯೂ ಈ ಉದ್ಯಮದಲ್ಲಿ ಜಾಗವಿದೆ.