ಬೆರಳಿಗೆ ಕಾಣುವ ಗಾಲಿ

ಎರಡನೇ ಮಹಾಯುದ್ಧದ ಕಾಲ. ಶತ್ರುವಿನ ಗುಂಡಿಗೆ ಸಿಗದೆ ಮರಳಿದ ಅಮೆರಿಕದ ಬಿ-17 ಬಾಂಬರ್ ರನ್‌ವೇ ಮೇಲೆ ಚೆನ್ನಾಗಿಯೇ ಇಳಿಯುತ್ತಿತ್ತು. ಇನ್ನೇನು ನಿಲ್ಲಬೇಕು ಅನ್ನುವಾಗ ಗಾಲಿಗಳು ಒಳಕ್ಕೆ ಮಡಚಿಕೊಂಡು, ವಿಮಾನ ಹೊಟ್ಟೆ ಉಜ್ಜುತ್ತಾ ಜಾರಿಹೋಗುತ್ತಿತ್ತು. ಒಂದಲ್ಲ, ಹಲವು ಸಲ ಹೀಗಾಯಿತು. ಕಡತದಲ್ಲಿ ಕಾರಣ ಬರೆಯಲು ಎರಡೇ ಪದ ಸಾಕಾಗಿತ್ತು: ಪೈಲಟ್ ತಪ್ಪು.

ಒಹಾಯೊ ರಾಜ್ಯದ ರೈಟ್ ಫೀಲ್ಡ್ ವಾಯುನೆಲೆಯ ಪ್ರಯೋಗಾಲಯದಲ್ಲಿದ್ದ ಯುವ ಮನೋವಿಜ್ಞಾನಿ ಅಲ್ಫಾನ್ಸ್ ಚಪಾನಿಸ್‌ಗೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಬಿ-17, ಬಿ-25, ಪಿ-47 ಹಾರಿಸುವವರೇ ಈ ತಪ್ಪು ಮಾಡುತ್ತಾರೆ. ಸಿ-47 ಹಾರಿಸುವವರು ಮಾಡುವುದಿಲ್ಲ. ದಡ್ಡರೆಲ್ಲ ಆರಿಸಿಕೊಂಡು ಮೂರೇ ಬಗೆಯ ವಿಮಾನ ಹತ್ತುತ್ತಾರೆಯೇ? ಚಪಾನಿಸ್ ಕಾಕ್‌ಪಿಟ್ಟಿನೊಳಗೆ ಇಣುಕಿದರು. ಗಾಲಿ ಎತ್ತುವ ಹಿಡಿ, ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಎತ್ತುವ ಹಿಡಿ ಎರಡೂ ಅಕ್ಕಪಕ್ಕದಲ್ಲಿದ್ದವು, ಅವಳಿಗಳ ಹಾಗೆ. ಇಳಿದ ಮೇಲೆ ಎತ್ತಬೇಕಾದದ್ದು ಫ್ಲ್ಯಾಪ್. ದಣಿದ ಪೈಲಟ್‌ನ ಕಣ್ಣು ರನ್‌ವೇ ಮೇಲೆ, ಕೈ ತಡಕಾಡುತ್ತಾ ಪಕ್ಕದ್ದನ್ನು ಎಳೆಯುತ್ತಿತ್ತು. ಸಿ-47ರಲ್ಲಿ ಅವು ಒಂದನ್ನೊಂದು ಹೋಲುತ್ತಲೇ ಇರಲಿಲ್ಲ.

ಮದ್ದು ಪುಟ್ಟದು. ಗಾಲಿಯ ಹಿಡಿಗೆ ರಬ್ಬರಿನ ಚಿಕ್ಕ ಗಾಲಿ, ಫ್ಲ್ಯಾಪಿನ ಹಿಡಿಗೆ ಬೆಣೆಯಾಕಾರದ ತುಂಡು. ಕತ್ತಲಲ್ಲೂ ಕೈಗವಸಿನೊಳಗಿಂದಲೂ ಬೆರಳಿಗೆ ಗೊತ್ತಾಗುತ್ತದೆ. ಗಾಲಿ ಮಡಚುವ ಆ ಅವಘಡಗಳು ನಿಂತವು. ದೊಡ್ಡ ವಿಮಾನಗಳಲ್ಲಿ ಆ ಹಿಡಿ ಗಾಲಿಯ ಆಕಾರದಲ್ಲೇ ಇರಬೇಕೆಂದು ಅಮೆರಿಕದ ನಿಯಮ ಇಂದಿಗೂ ಹೇಳುತ್ತದೆ.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಸಂಶೋಧಕರಾದ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಹಿಡಿಗಳ ಬಳಕೆಯಲ್ಲಿ ತಪ್ಪಾದ 460 ಪ್ರಸಂಗಗಳನ್ನು ಪೈಲಟ್‌ಗಳಿಂದಲೇ ಕೇಳಿ ಬರೆದುಕೊಂಡರು. ಸುಮಾರು ಅರ್ಧ, ಒಂದರ ಬದಲು ಇನ್ನೊಂದನ್ನು ಹಿಡಿದ ಕಥೆಗಳು. ಇರದೇ ಏನು! ಥ್ರಾಟಲ್, ಪ್ರೊಪೆಲ್ಲರ್, ಇಂಧನ ಮಿಶ್ರಣದ ಮೂರು ಹಿಡಿಗಳು ಬಿ-25ರಲ್ಲಿ ಒಂದು ಸಾಲಾದರೆ ಸಿ-47ರಲ್ಲಿ ಇನ್ನೊಂದು, ಸಿ-82ರಲ್ಲಿ ಮತ್ತೊಂದು.

ಕಣ್ಣಿನ ಪಾಡೂ ಅಷ್ಟೇ. ಅಂದಿನ ಎತ್ತರಮಾಪಕಕ್ಕೆ ಗಡಿಯಾರದಂತೆ ಮೂರು ಮುಳ್ಳು. ನೂರರ ಲೆಕ್ಕ ಹೇಳುವುದು ಉದ್ದನೆಯದು. ಹತ್ತು ಸಾವಿರದ ಲೆಕ್ಕ ಹೇಳುವುದು ಎಲ್ಲಕ್ಕಿಂತ ಪುಟ್ಟದು. ಪ್ರಾಣ ಉಳಿಸುವ ಅಂಕಿಗೇ ಅತಿ ಸಣ್ಣ ದನಿ! ಸಾವಿರ ಅಡಿ ತಪ್ಪಾಗಿ ಓದುವುದು ಅಪರೂಪವಾಗಿರಲಿಲ್ಲ.

ಚಪಾನಿಸ್ ಮುಂದೆ ಅಡುಗೆಮನೆಗೂ ಬಂದರು. ನಾಲ್ಕು ಬರ್ನರಿನ ಒಲೆಗೆ ತಿರುಪುಗಳನ್ನು ಹೇಗೆ ಜೋಡಿಸಿದರೆ ಜನ ತಪ್ಪುವುದಿಲ್ಲ ಎಂದು 1959ರಲ್ಲಿ ಪರೀಕ್ಷಿಸಿದರು. ಬರ್ನರುಗಳನ್ನು ಓರೆಯಾಗಿ ಸರಿಸಿ, ತಿರುಪುಗಳನ್ನು ಅದೇ ಕ್ರಮದಲ್ಲಿ ಇಟ್ಟಾಗ ಒಬ್ಬರೂ ತಪ್ಪಲಿಲ್ಲ. ನಮ್ಮ ಮನೆಯ ಒಲೆ ಮಾಡಿದವರಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ. ಇವತ್ತು ಬೆಳಿಗ್ಗೆ ಸಾರಿನ ಉರಿ ತಗ್ಗಿಸಿದೆ ಅಂದುಕೊಂಡೆ. ತಗ್ಗಿದ್ದು ಹಾಲಿನದು, ಉಕ್ಕಿದ್ದು ಸಾರು.